ಐದು ದಿನದ ಸ್ಟೀರಾಯ್ಡ್ ಮಾತ್ರೆ ಮತ್ತು ನಮ್ಮ ಮನೆಯ ಮಕ್ಕಳು

ಈ ಪತ್ರಿಕೆಯಲ್ಲಿ ಕಾರ್ಯದರ್ಶಿಯಾದ ನಾನು ಸಾಮಾನ್ಯವಾಗಿ ಬರೆಯುವುದು ಮೈಲುತುತ್ತದ ದಾಸ್ತಾನು, ಸಾಲದ ಕಂತು, ಕೊಳೆರೋಗಕ್ಕೆ ಮೊದಲನೆಯ ಸಿಂಪರಣೆ, ಕಾಫಿಯ ಕಾಂಡಕೊರಕ ಇಂಥ ವಿಷಯಗಳನ್ನು. ಈ ಸಂಚಿಕೆಯಲ್ಲಿ ಔಷಧದ ಮಾತನ್ನು ಎತ್ತಿಕೊಂಡಿದ್ದೇನೆ. ನಾನು ವೈದ್ಯನಲ್ಲ. ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ತೋಟಕ್ಕೆ ಮರಳಿದವನು, ಅಷ್ಟೇ. ಆದರೆ ಕಳೆದ ಆಷಾಢದಲ್ಲಿ ನಮ್ಮ ಮನೆಯಲ್ಲೇ ನಡೆದ ಒಂದು ಪ್ರಸಂಗವನ್ನು ಸಂಘದ ಕಛೇರಿಯಲ್ಲಿ ಹೇಳಿಕೊಂಡಾಗ, ಎದುರಿಗೆ ಕುಳಿತವರಲ್ಲಿ ಮೂರು ಜನ ತಮ್ಮ ತಮ್ಮ ಮನೆಯ ಅಂಥದೇ ಕಥೆಗಳನ್ನು ಹೇಳಿದರು. ಆದ್ದರಿಂದ ವೈದ್ಯರನ್ನು ಕೇಳಿ, ಓದಿ, ತಿಳಿದುಕೊಂಡಷ್ಟನ್ನು ಸದಸ್ಯರ ಮುಂದೆ ಇಡುವುದು ಸರಿಯೆಂದು ತೋರಿತು.

ನನ್ನ ತಂಗಿಯ ಮಗ ನಮ್ಮಲ್ಲಿದ್ದುಕೊಂಡು ಹತ್ತನೆಯ ತರಗತಿ ಓದುತ್ತಿದ್ದ. ವಯಸ್ಸು ಹದಿನೈದು. ಚಿಕ್ಕಂದಿನಿಂದ ಉಬ್ಬಸ ಇದೆ. ಮಳೆ ಹಿಡಿದು ಹದಿನೈದು ದಿನ ಗೋಡೆಗೆ ಬೂಷ್ಟು ಬಂದಿತೆಂದರೆ ಅವನ ಎದೆಯಲ್ಲಿ ಸಿಳ್ಳೆ ಶುರು. ಆ ಸಲ ಜೋರಾದಾಗ ತಾಲ್ಲೂಕು ಕೇಂದ್ರದ ಡಾಕ್ಟರರು ನೋಡಿ, ದಿನಕ್ಕೆ 40 ಮಿ.ಗ್ರಾಂ. ಪ್ರೆಡ್ನಿಸೊಲೋನ್ ಐದು ದಿನಕ್ಕೆ ಬರೆದರು. ಅಂಗಡಿಯಲ್ಲಿ ಇದ್ದದ್ದು 10 ಮಿ.ಗ್ರಾಂ. ಮಾತ್ರೆ. ಅಂದರೆ ಬೆಳಿಗ್ಗೆ ತಿಂಡಿಯ ಮೇಲೆ ಒಟ್ಟಿಗೆ ನಾಲ್ಕು, ಒಟ್ಟು ಇಪ್ಪತ್ತು ಮಾತ್ರೆ.

ಮೊದಲ ಎರಡು ದಿನ ಕೊಟ್ಟೆವು. ಉಸಿರಾಟ ಹಗುರವಾಯಿತು. ಆದರೆ ಹುಡುಗನೇ ಬೇರೆಯಾದ ಹಾಗಿತ್ತು. ಬೆಳಿಗ್ಗೆ ಎಂಟು ಕಡುಬು ತಿಂದವನು ಹತ್ತು ಗಂಟೆಗೆ ಮತ್ತೆ ಅಡಿಗೆಮನೆಯ ಡಬ್ಬಿಗಳನ್ನು ತಡಕುತ್ತಿದ್ದ. ಕೆನ್ನೆ ಕೆಂಪಾಗಿತ್ತು. ಎಂದೂ ಎದುರಾಡದವನು ಸಣ್ಣ ಮಾತಿಗೆ ಸಿಡುಕಿ ಕೋಣೆಯ ಬಾಗಿಲು ಹಾಕಿಕೊಂಡ, ಆಮೇಲೆ ತಾನೇ ಅತ್ತ. ರಾತ್ರಿ ಎರಡು ಗಂಟೆಗೆ ದೀಪ ಹಚ್ಚಿಕೊಂಡು ಕುಳಿತಿದ್ದ. ನಮ್ಮ ತಾಯಿ ಇದನ್ನೆಲ್ಲ ನೋಡಿ, "ನಾಕು ಮಾತ್ರೆ ಒಟ್ಟಿಗೆ ನುಂಗೂದು ಎಲ್ಲಾದ್ರೂ ಉಂಟಾ? ಮಗೂನ ತಲೆ ಕೆಡ್ತಾ ಇದೆ. ಉಬ್ಬಸ ಇಳೀತಲ್ಲ, ಇನ್ನು ಒಂದೊಂದು ಕೊಟ್ರೆ ಸಾಕು" ಎಂದರು. ಬಿ.ಎಸ್ಸಿ. ಓದಿದ ನಾನೂ ತಲೆಯಾಡಿಸಿದೆ. ಸ್ಟೀರಾಯ್ಡ್ ಎಂಬ ಹೆಸರೇ ನನಗೂ ಹೆದರಿಕೆ ಹುಟ್ಟಿಸಿತ್ತು.

ನಾಲ್ಕನೆಯ ದಿನ ರಾತ್ರಿ ಹನ್ನೊಂದಕ್ಕೆ ಅವನಿಗೆ ಒಂದು ವಾಕ್ಯ ಪೂರ್ತಿ ಆಡಲು ಉಸಿರು ಸಾಲದಾಯಿತು. ಎರಡು ಶಬ್ದ, ಉಸಿರು. ಮತ್ತೆರಡು ಶಬ್ದ, ಉಸಿರು. ಕತ್ತಿನ ಗುಳಿ ಒಳಕ್ಕೆ ಎಳೆಯುತ್ತಿತ್ತು. ಜೀಪು ತೆಗೆದರೆ ಘಾಟಿಯ ತಿರುವಿನಲ್ಲಿ ಮರ ಬಿದ್ದಿತ್ತು. ಕೆಲಸದವರನ್ನು ಎಬ್ಬಿಸಿ ಕರೆತಂದು ಕೊಂಬೆ ಕಡಿದು ದಾರಿ ಮಾಡಿಕೊಳ್ಳುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಆ ಮುಕ್ಕಾಲು ಗಂಟೆಯನ್ನು ನಾನು ಇಲ್ಲಿ ಬಣ್ಣಿಸಲಾರೆ. ಆಸ್ಪತ್ರೆಯಲ್ಲಿ ಆಮ್ಲಜನಕ, ನೆಬ್ಯುಲೈಸರ್, ಸೂಜಿಯ ಮೂಲಕ ಅದೇ ಸ್ಟೀರಾಯ್ಡ್ ಕೊಟ್ಟು ಬೆಳಗಾಗುವ ಹೊತ್ತಿಗೆ ಹುಡುಗನನ್ನು ಉಳಿಸಿಕೊಟ್ಟರು. ಡಾಕ್ಟರರು ಉಳಿದ ಮಾತ್ರೆ ತೋರಿಸಲು ಹೇಳಿದರು. ಎಣಿಸಿದರು. ಹತ್ತು ಇತ್ತು. ಏನೂ ಅನ್ನದೆ ಮೇಜಿನ ಮೇಲೆ ಇಟ್ಟರು. ತಪ್ಪು ಪೂರ್ತಿ ನಮ್ಮದು.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಪ್ರಸಂಗವಿದೆ. ಸದಸ್ಯರೊಬ್ಬರ ಮಗಳು, ಪಿ.ಯು.ಸಿ. ಓದುವವಳು. ಹಿಂದೊಮ್ಮೆ ಬರೆದುಕೊಟ್ಟಿದ್ದ ಇಂಥದೇ ಐದು ದಿನದ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಂಡು, ಶೀತಕ್ಕೆ, ಕೆಮ್ಮಿಗೆ, ಮೈ ತುರಿಕೆಗೆ, ಎಲ್ಲದಕ್ಕೂ ಅದನ್ನೇ ತೋರಿಸಿ ಅಂಗಡಿಯಿಂದ ತರುತ್ತಿದ್ದರು. ತಂದ ಕೂಡಲೇ ಗುಣ ಕಾಣುತ್ತಿತ್ತು, ಅದೇ ಕಷ್ಟವಾದದ್ದು. ಮುಖ ದುಂಡಗಾಯಿತು, ಮೈ ಬಂತು, ಮೊಡವೆ ಎದ್ದಿತು; ವಯಸ್ಸಿನ ಕಾರಣ ಎಂದುಕೊಂಡರು. ಒಂದು ದಿನ ಸಾಧಾರಣ ಜ್ವರಕ್ಕೆ ವಾಂತಿಯಾಗಿ, ಏಳಲಾರದೆ ಬಿದ್ದಳು. ದೊಡ್ಡ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿದಾಗ ಅವಳ ದೇಹ ತಾನಾಗಿ ತಯಾರಿಸಬೇಕಾದ ಹಾರ್ಮೋನು ತೀರ ಕಡಿಮೆಯಿತ್ತು. ಆಮೇಲೆ ತಂದೆ ಅಂಗಡಿಯ ರಸೀದಿಗಳನ್ನು ಕೂಡಿಸಿ ನೋಡಿದರೆ ಹದಿನಾಲ್ಕು ತಿಂಗಳಲ್ಲಿ ಒಂಬತ್ತು ಸಲ ಆಗಿತ್ತು. ಪ್ರತಿ ಸಲವೂ ಬರೀ ಐದು ದಿನ ಎಂದೇ ಅವರ ಎಣಿಕೆ.

ಒಬ್ಬರು ಹೆದರಿ ನಿಲ್ಲಿಸಿದರು, ಇನ್ನೊಬ್ಬರು ಹೆದರದೆ ಮುಂದುವರಿಸಿದರು. ಎರಡಕ್ಕೂ ಮೂಲ ಒಂದೇ: ಈ ಮಾತ್ರೆ ಮೈಯೊಳಗೆ ಏನು ಮಾಡುತ್ತದೆಂದು ಯಾರೂ ನಮಗೆ ಕೂತು ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ನಮ್ಮ ಎರಡು ಮೂತ್ರಪಿಂಡಗಳ ತಲೆಯ ಮೇಲೆ ಟೋಪಿಯಿಟ್ಟ ಹಾಗೆ ಎರಡು ಸಣ್ಣ ಗ್ರಂಥಿಗಳಿವೆ. ಅಡ್ರೀನಲ್ ಗ್ರಂಥಿ ಎನ್ನುತ್ತಾರೆ. ಅವು ದಿನವೂ ಕಾರ್ಟಿಸೋಲ್ ಎಂಬ ಹಾರ್ಮೋನನ್ನು ತಯಾರಿಸುತ್ತವೆ. ಬೆಳಗಿನ ಜಾವ ಇದರ ಪ್ರಮಾಣ ಏರುತ್ತದೆ, ಸಂಜೆಗೆ ಇಳಿಯುತ್ತದೆ. ಜ್ವರ, ಪೆಟ್ಟು, ಶಸ್ತ್ರಚಿಕಿತ್ಸೆ ಬಂದಾಗ ದೇಹವನ್ನು ಎತ್ತಿ ಹಿಡಿಯುವುದು ಇದೇ. ಇದನ್ನು ಹೋಲುವ ಕಾರ್ಟಿಸೋನನ್ನು 1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಡಾ. ಫಿಲಿಪ್ ಹೆಂಚ್ ಮತ್ತು ಅವರ ಸಂಗಡಿಗರು ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ ಒಬ್ಬ ಮಹಿಳೆಗೆ ಮೊದಲು ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಾಡಿದರು. ಜಗತ್ತು ಬೆರಗಾಯಿತು; 1950ರಲ್ಲಿ ಹೆಂಚ್, ಕೆಂಡಾಲ್, ರೈಖ್‌ಸ್ಟೈನ್ ಮೂವರಿಗೆ ನೊಬೆಲ್ ಬಂತು. ಆದರೆ ತಿಂಗಳುಗಟ್ಟಲೆ ಕೊಟ್ಟಾಗ ಮುಖ ಊದುವುದು, ಮೂಳೆ ಸವೆಯುವುದು, ಮನಸ್ಸು ಕೆಡುವುದು ಕಂಡುಬಂದು ಬೇಗನೆ ಎಚ್ಚರಿಕೆಯೂ ಹುಟ್ಟಿತು. ಇಂದು ನಾವು ನುಂಗುವ ಪ್ರೆಡ್ನಿಸೊಲೋನ್ 1955ರ ಸುಮಾರಿಗೆ ಬಳಕೆಗೆ ಬಂದದ್ದು.

ಉಬ್ಬಸದಲ್ಲಿ ಶ್ವಾಸನಾಳದ ಒಳಗೋಡೆ ಬಾತು, ಲೋಳೆ ತುಂಬಿ, ದಾರಿ ಇಕ್ಕಟ್ಟಾಗುತ್ತದೆ. ಪಂಪಿನಿಂದ ಎಳೆದುಕೊಳ್ಳುವ ಸಾಲ್ಬುಟಮಾಲ್ ನಾಳದ ಸ್ನಾಯುವನ್ನು ಸಡಿಲಿಸುತ್ತದೆಯೇ ಹೊರತು ಬಾವನ್ನು ಇಳಿಸುವುದಿಲ್ಲ. ಬಾವು ಇಳಿಸುವುದು ಸ್ಟೀರಾಯ್ಡ್. ನುಂಗಿದ ಮೇಲೆ ಕೆಲಸ ಶುರುವಾಗಲು ನಾಲ್ಕಾರು ಗಂಟೆ ಬೇಕು. ಬಾವು ಪೂರ್ತಿ ಇಳಿಯಲು ದಿನಗಳು ಬೇಕು. ಎರಡನೆಯ ದಿನ ಸಿಳ್ಳೆ ನಿಂತಿತೆಂದರೆ ಬಾವು ಹೋಯಿತೆಂದಲ್ಲ. ನಾವು ಮಾಡಿದ ತಪ್ಪು ಇಲ್ಲಿಯೇ. ಹದಿಹರೆಯದವರಿಗೆ ಜೋರಾದ ಉಬ್ಬಸಕ್ಕೆ ದಿನಕ್ಕೆ 40ರಿಂದ 50 ಮಿ.ಗ್ರಾಂ. ಪ್ರೆಡ್ನಿಸೊಲೋನ್ ಐದರಿಂದ ಏಳು ದಿನ ಎಂಬುದು ಲೋಕವೆಲ್ಲ ಒಪ್ಪಿದ ಕ್ರಮ. ನಾಲ್ಕು ಮಾತ್ರೆ ಒಟ್ಟಿಗೆ ನುಂಗುವುದು ಅಂಗಡಿಯವನ ತಪ್ಪೂ ಅಲ್ಲ, ಡಾಕ್ಟರರ ಕೈತಪ್ಪೂ ಅಲ್ಲ.

ಆದರೂ ಅದು ಸಣ್ಣ ಪ್ರಮಾಣವೆಂದು ತಿಳಿಯಬೇಡಿ. ನಮ್ಮ ದೇಹ ಒಂದು ದಿನಕ್ಕೆ ತಾನಾಗಿ ತಯಾರಿಸುವ ಕಾರ್ಟಿಸೋಲಿಗೆ ಸುಮಾರು 5 ಮಿ.ಗ್ರಾಂ. ಪ್ರೆಡ್ನಿಸೊಲೋನ್ ಸಮ. ಅಂದರೆ 40 ಮಿ.ಗ್ರಾಂ. ಎಂದರೆ ಎಂಟು ಪಾಲು. ಇನ್ನೊಂದು ಸಂಗತಿ, ಮಾತ್ರೆಯ ಮೇಲಿನ ಸಂಖ್ಯೆ ನೋಡಿ ಮೋಸಹೋಗಬಾರದು. ಡೆಕ್ಸಾಮೆಥಾಸೋನ್ ಮುಕ್ಕಾಲು ಮಿ.ಗ್ರಾಂ. ಇದ್ದರೆ ಅದು 5 ಮಿ.ಗ್ರಾಂ. ಪ್ರೆಡ್ನಿಸೊಲೋನಿಗೆ ಸರಿ. ಬೀಟಾಮೆಥಾಸೋನ್ ಕೂಡ ಹೆಚ್ಚುಕಡಿಮೆ ಅಷ್ಟೇ ಬಲವಾದದ್ದು. ಮಿಥೈಲ್ ಪ್ರೆಡ್ನಿಸೊಲೋನ್ 4 ಮಿ.ಗ್ರಾಂ., ಡೆಫ್ಲಜಾಕಾರ್ಟ್ 6 ಮಿ.ಗ್ರಾಂ. ಇವೂ ಅದಕ್ಕೆ ಸಮ. "ಅರ್ಧ ಮಿ.ಗ್ರಾಂ. ಸಣ್ಣ ಮಾತ್ರೆ, ಏನೂ ಆಗೋದಿಲ್ಲ" ಎಂದು ಕೊಡುವವರನ್ನು ನಂಬಬೇಡಿ. ತೋಟದ ಔಷಧದಲ್ಲಿ ಲೀಟರಿಗೆ ಎಷ್ಟು ಎಂಬುದು ಮಾತ್ರವಲ್ಲ, ಯಾವ ಔಷಧ ಎಂಬುದನ್ನೂ ನಾವು ನೋಡುವುದಿಲ್ಲವೆ, ಹಾಗೆ. ಇನ್ನು ಕಸರತ್ತಿನ ಮನೆಗಳಲ್ಲಿ ಮೈಕಟ್ಟು ಬೆಳೆಸಲು ಕೆಲ ಹುಡುಗರು ಕದ್ದು ತೆಗೆದುಕೊಳ್ಳುವ ಸ್ಟೀರಾಯ್ಡ್ ಗಂಡಸಿನ ಹಾರ್ಮೋನಿನ ಜಾತಿಯದು. ಅದು ಬೇರೆಯೇ ವಸ್ತು, ಅದರ ಕೇಡೂ ಬೇರೆ. ಹೆಸರು ಒಂದೇ ಆದದ್ದರಿಂದ ಗೊಂದಲವಾಗಿದೆ.

ಈಗ ಅಡ್ಡಪರಿಣಾಮಗಳ ವಿಷಯ. ಎರಡು ವಾರದೊಳಗಿನ ಸ್ಟೀರಾಯ್ಡ್ ಚಿಕಿತ್ಸೆಯ ಬಗ್ಗೆ ಇಂಗ್ಲೆಂಡಿನ ಸಂಶೋಧಕರು 2016ರಲ್ಲಿ 38 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಅವುಗಳಲ್ಲಿ ಸುಮಾರು 3,200 ಮಕ್ಕಳ ಲೆಕ್ಕವಿತ್ತು. ಅಲ್ಲಿ ಹೆಚ್ಚಾಗಿ ಕಂಡದ್ದು ವಾಂತಿ, ನೂರಕ್ಕೆ ಐದು ಮಕ್ಕಳಿಗೆ; ನಡತೆಯಲ್ಲಿ ಬದಲಾವಣೆ ಮತ್ತು ನಿದ್ದೆಗೇಡು, ಒಂದೊಂದೂ ನೂರಕ್ಕೆ ನಾಲ್ಕೈದು. ಬೇಕೆಂದೇ ರಕ್ತದೊತ್ತಡ ಅಳೆದು ನೋಡಿದ 369 ಮಕ್ಕಳಲ್ಲಿ 144 ಮಂದಿಗೆ ಏರಿತ್ತು. ಹೆಚ್ಚಿನವು ಮಾತ್ರೆ ನಿಂತ ಮೇಲೆ ತಾವಾಗಿ ಸರಿಹೋಗುವಂಥವು.

ನಮ್ಮ ಹುಡುಗನ ಹಸಿವು, ಸಿಡುಕು, ನಿದ್ದೆ ಬಾರದಿರುವುದು, ಕೆನ್ನೆ ಕೆಂಪು ಎಲ್ಲವೂ ಈ ಪಟ್ಟಿಗೆ ಸೇರಿದವೇ. ಹಸಿವನ್ನು ತಡೆಯಲು ಹೋಗಬೇಡಿ, ಆದರೆ ಎಣ್ಣೆಯ ತಿಂಡಿ, ಬೇಕರಿ ಸಾಮಾನು, ಉಪ್ಪಿನಕಾಯಿ ಕಡಿಮೆ ಮಾಡಿ, ಹೊಟ್ಟೆ ತುಂಬುವ ಊಟ ಕೊಡಿ. ಸ್ಟೀರಾಯ್ಡ್ ಮೈಯಲ್ಲಿ ಉಪ್ಪು ನೀರು ಹಿಡಿದಿಡುತ್ತದೆ, ಸಕ್ಕರೆಯನ್ನೂ ಏರಿಸುತ್ತದೆ. ಮಾತ್ರೆಯನ್ನು ಬೆಳಿಗ್ಗೆಯೇ ಕೊಡುವುದಕ್ಕೆ ಕಾರಣವಿದೆ: ದೇಹದ ಸ್ವಂತ ಕಾರ್ಟಿಸೋಲ್ ಏರುವ ಹೊತ್ತೂ ಅದೇ, ರಾತ್ರಿಯ ನಿದ್ದೆಯೂ ಅಷ್ಟರಮಟ್ಟಿಗೆ ಉಳಿಯುತ್ತದೆ. ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ಮರೆತು ರಾತ್ರಿ ಕೊಟ್ಟರೆ ಹುಡುಗ ಕಣ್ಣು ಬಿಟ್ಟುಕೊಂಡೇ ಇರುತ್ತಾನೆ. ಖಾಲಿ ಹೊಟ್ಟೆಗೆ ಕೊಡಬಾರದು. ಜೊತೆಗೆ ಮೈಕೈ ನೋವಿಗೆಂದು ಐಬುಪ್ರೊಫೆನ್, ಡೈಕ್ಲೊಫೆನಾಕ್ ಜಾತಿಯ ಮಾತ್ರೆಯನ್ನು ತಾವಾಗಿ ಸೇರಿಸಬಾರದು. ಎರಡೂ ಕೂಡಿದರೆ ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ಸೋರುವ ಭಯ ಹೆಚ್ಚು. ಮಲ ಡಾಂಬರಿನಂತೆ ಕಪ್ಪಾದರೆ ತಡಮಾಡದೆ ಹೊರಡಿ.

ಮನಸ್ಸಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹದಿಹರೆಯದವರಲ್ಲಿ ನಾವು ಎಡವುವುದು ಇಲ್ಲಿ. ಹದಿನೈದರ ಹುಡುಗ ಸಿಡುಕಿದರೆ ವಯಸ್ಸು ಎನ್ನುತ್ತೇವೆ, ಇಲ್ಲವೇ ಸೊಕ್ಕು ಎನ್ನುತ್ತೇವೆ. ಸ್ಟೀರಾಯ್ಡ್ ತಿಂದ ಮೊದಲ ಕೆಲವು ದಿನಗಳಲ್ಲಿ ಕೆಲವರು ಅತಿ ಉತ್ಸಾಹದಲ್ಲಿರುತ್ತಾರೆ, ಮಾತು ನಿಲ್ಲುವುದಿಲ್ಲ. ಕೆಲವರು ಕಾರಣವಿಲ್ಲದೆ ಅಳುತ್ತಾರೆ. ಮೊದಲೇ ಹೇಳಿಬಿಟ್ಟರೆ ಅರ್ಧ ತೊಂದರೆ ಹೋಗುತ್ತದೆ. "ನೋಡಪ್ಪಾ, ಈ ಐದು ದಿನ ನಿನಗೆ ಸಿಟ್ಟು ಬೇಗ ಬರಬಹುದು, ಅದು ಮಾತ್ರೆಯ ಕೆಲಸ" ಎಂದು ಹುಡುಗನಿಗೂ ಹೇಳಿ, ಮನೆಯವರಿಗೂ ಹೇಳಿ, ಪರೀಕ್ಷೆಯ ದಿನವಾದರೆ ಮೇಷ್ಟರಿಗೂ ತಿಳಿಸಿ. ಎರಡನೆಯ ಸಲ ನಮ್ಮವನಿಗೆ ಹೀಗೆ ಹೇಳಿದ್ದೆವು. ಅವನೇ ಬಂದು, "ಮಾವ, ನಂಗೆ ಈಗ ಮಾತ್ರೆ ಸಿಟ್ಟು ಬರ್ತಾ ಇದೆ, ಸ್ವಲ್ಪ ತೋಟಕ್ಕೆ ಹೋಗಿ ಬರ್ತೇನೆ" ಎಂದು ಹೇಳಿ ಹೋದ. ಆದರೆ ವಿರಳವಾಗಿ ಇದು ಮಿತಿ ಮೀರುತ್ತದೆ. ಇಲ್ಲದ ಧ್ವನಿ ಕೇಳುವುದು, ಯಾರೋ ತನ್ನ ಬೆನ್ನು ಹತ್ತಿದ್ದಾರೆಂಬ ಸಂಶಯ, ಸಾಯುವ ಮಾತು ಇವು ಕಂಡರೆ ಅದು ವಯಸ್ಸೂ ಅಲ್ಲ, ಸೊಕ್ಕೂ ಅಲ್ಲ. ಹುಡುಗನನ್ನು ಒಂಟಿ ಬಿಡದೆ ಅದೇ ದಿನ ವೈದ್ಯರ ಬಳಿ ಕರೆದುಕೊಂಡು ಹೋಗಬೇಕು. ತೋಟದ ಮನೆಗಳಲ್ಲಿ ಕೀಟನಾಶಕದ ಡಬ್ಬಿ ಕೈಗೆಟಕುವ ಹಾಗೆ ಇಟ್ಟಿರುತ್ತೇವೆ. ಬೀಗ ಹಾಕಿ.

ಇನ್ನು ಸೋಂಕು. ಬಾವನ್ನು ಇಳಿಸುವ ಮದ್ದು ದೇಹದ ಕಾವಲನ್ನೂ ಸ್ವಲ್ಪ ಮಟ್ಟಿಗೆ ಮಲಗಿಸುತ್ತದೆ. ಮೇಲೆ ಹೇಳಿದ 2016ರ ಲೆಕ್ಕದಲ್ಲಿ ಒಂದು ಮಗು ಸತ್ತಿತ್ತು. ಕಾರಣ ಚಿಕನ್ ಪಾಕ್ಸ್, ನಮ್ಮಲ್ಲಿ ಅಮ್ಮ ಎನ್ನುವುದು. ಅಮ್ಮ ಬಾರದ, ಅದರ ಲಸಿಕೆಯೂ ಆಗದ ಹುಡುಗ ಸ್ಟೀರಾಯ್ಡ್ ತಿನ್ನುತ್ತಿರುವಾಗ ಅಥವಾ ಮುಗಿಸಿ ಮೂರು ತಿಂಗಳೊಳಗೆ ಅಮ್ಮ ಎದ್ದವರ ಜೊತೆ ಇದ್ದನೆಂದರೆ, ಗುಳ್ಳೆ ಬರಲಿ ನೋಡೋಣವೆಂದು ಕಾಯಬಾರದು, ಕೂಡಲೇ ವೈದ್ಯರಿಗೆ ತಿಳಿಸಬೇಕು. ತೈವಾನಿನಲ್ಲಿ ಸುಮಾರು 45 ಲಕ್ಷ ಮಕ್ಕಳ ದಾಖಲೆ ನೋಡಿ 2021ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಒಂದೇ ಒಂದು ಸಲ ಸ್ಟೀರಾಯ್ಡ್ ತೆಗೆದುಕೊಂಡ ಮಕ್ಕಳಲ್ಲೂ ಮುಂದಿನ ಒಂದು ತಿಂಗಳು ನ್ಯುಮೋನಿಯಾದ ಸಂಭವ ಸುಮಾರು ಎರಡು ಪಟ್ಟಾಗಿತ್ತು. ಮೂಲದಲ್ಲಿ ಅದು ಕಡಿಮೆಯೇ ಆದ್ದರಿಂದ ಎರಡು ಪಟ್ಟಾದರೂ ಹೆದರಿ ಓಡುವಷ್ಟಲ್ಲ. ಆದರೆ ಅಲ್ಲಿ ಬಹಳ ಮಕ್ಕಳಿಗೆ ಮಾತ್ರೆ ಬರೆದದ್ದು ಬರೀ ಶೀತ ಕೆಮ್ಮಿಗೆ ಮತ್ತು ಅಲರ್ಜಿಗೆ ಎಂಬುದನ್ನು ಗಮನಿಸಿ. ಉಬ್ಬಸದಲ್ಲಿ ಜೀವ ಉಳಿಸುವಾಗ ಆ ಅಪಾಯವನ್ನು ಹೊರಬಹುದು. ನೆಗಡಿಗೆ ಏಕೆ ಹೊರಬೇಕು?

ಬರಿಗಾಲಲ್ಲಿ ತೋಟ ಸುತ್ತುವ ಮಕ್ಕಳಿಗೆ ಮಾತ್ರ ಸಂಬಂಧಿಸಿದ ಒಂದು ಮಾತು. ಒದ್ದೆ ಮಣ್ಣಿನಿಂದ ಪಾದದ ಚರ್ಮ ಕೊರೆದು ಒಳಸೇರುವ ಹುಳಗಳಲ್ಲಿ ಸ್ಟ್ರಾಂಗಿಲಾಯ್ಡಿಸ್ ಎಂಬ ಜಾತಿ ವರ್ಷಗಟ್ಟಲೆ ಸದ್ದಿಲ್ಲದೆ ಹೊಟ್ಟೆಯಲ್ಲಿರುತ್ತದೆ; ಸ್ಟೀರಾಯ್ಡ್ ಬಿದ್ದಾಗ ಅದು ಮೈಯೆಲ್ಲ ಹರಡುವ ಸಂಭವವುಂಟು. ಹುಡುಗನಿಗೆ ಆಗಾಗ ಹೊಟ್ಟೆನೋವು, ಚರ್ಮದ ಮೇಲೆ ಹರಿದಾಡುವ ತುರಿಕೆಯ ಗೆರೆ ಇದ್ದರೆ ಡಾಕ್ಟರರಿಗೆ ಹೇಳಿ. ಹಾಗೆಯೇ ಮನೆಯಲ್ಲಿ ಯಾರಿಗಾದರೂ ಕ್ಷಯವಿದ್ದರೆ, ಹುಡುಗನಿಗೆ ಸಕ್ಕರೆ ಕಾಯಿಲೆಯಿದ್ದರೆ, ಕೇಳದಿದ್ದರೂ ಹೇಳಿ. 2021ರಲ್ಲಿ ಕೋವಿಡ್ಡಿನ ಬೆನ್ನಿಗೇ ಬಂದ ಕಪ್ಪು ಶಿಲೀಂಧ್ರ ನಮಗೆಲ್ಲ ನೆನಪಿದೆ. ಅಲ್ಲಿ ಹತೋಟಿಯಿಲ್ಲದ ಸಕ್ಕರೆ ಕಾಯಿಲೆಯೂ ಮಿತಿಮೀರಿದ ಸ್ಟೀರಾಯ್ಡೂ ಒಟ್ಟು ಸೇರಿದ್ದವು. ಅದಕ್ಕೂ ಹಿಂದಿನ ವರ್ಷ, 2020ರ ಜೂನಿನಲ್ಲಿ, ಇದೇ ವರ್ಗದ ಡೆಕ್ಸಾಮೆಥಾಸೋನನ್ನು ದಿನಕ್ಕೆ 6 ಮಿ.ಗ್ರಾಂ.ನಂತೆ ಹತ್ತು ದಿನದ ಮಿತಿಯಲ್ಲಿ ಕೊಟ್ಟಾಗ, ವೆಂಟಿಲೇಟರಿನಲ್ಲಿದ್ದ ರೋಗಿಗಳ ಸಾವು ಮೂರರಲ್ಲೊಂದು ಪಾಲು ತಗ್ಗಿದ್ದನ್ನು ಇಂಗ್ಲೆಂಡಿನ ರಿಕವರಿ ಪ್ರಯೋಗ ತೋರಿಸಿತ್ತು. ನಮ್ಮ ಜನರ ತಲೆಯಲ್ಲಿ ಉಳಿದದ್ದು ಎರಡನೆಯ ವರ್ಷದ ಭಯ ಮಾತ್ರ. ನನ್ನ ತಾಯಿಯ ಭಯವೂ ಅಲ್ಲಿಂದಲೇ ಬಂದದ್ದು.

ಪಿ.ಯು.ಸಿ. ಹುಡುಗಿಗೆ ಆದದ್ದೇನೆಂದು ಈಗ ನೋಡೋಣ. ಹೊರಗಿನಿಂದ ಎಂಟು ಪಾಲು ಹಾರ್ಮೋನು ಬರುವಾಗ ಮಿದುಳು ಅಡ್ರೀನಲ್ ಗ್ರಂಥಿಗೆ ಕೊಡುವ ಅಪ್ಪಣೆಯನ್ನು ನಿಲ್ಲಿಸುತ್ತದೆ. ಕೆಲಸವಿಲ್ಲದ ಗ್ರಂಥಿ ಮಂಕಾಗುತ್ತದೆ. ಐದೇ ದಿನವಾದರೆ ಬೇಗ ಚೇತರಿಸಿಕೊಳ್ಳುತ್ತದೆ. ಆದ್ದರಿಂದಲೇ ಐದಾರು ದಿನದ ಚಿಕಿತ್ಸೆಯನ್ನು ಸಾಮಾನ್ಯವಾಗಿ ಹಂತಹಂತವಾಗಿ ಇಳಿಸದೆ ಒಮ್ಮೆಲೇ ನಿಲ್ಲಿಸುತ್ತಾರೆ. ಚೇತರಿಸಿಕೊಳ್ಳುವಷ್ಟರಲ್ಲಿ ಮತ್ತೆ ಐದು ದಿನ, ಮತ್ತೆ ಐದು ದಿನ ಎಂದು ಸುರಿದರೆ ಗ್ರಂಥಿ ಏಳುವುದೇ ಇಲ್ಲ. ಆಗ ಜ್ವರವೋ ಅಪಘಾತವೋ ಬಂದರೆ ಎತ್ತಿ ಹಿಡಿಯುವವರಿಲ್ಲ: ವಾಂತಿ, ತಲೆ ಸುತ್ತು, ಸುಸ್ತು, ರಕ್ತದೊತ್ತಡ ಕುಸಿತ. ಇಂಥವರಿಗೆ ಮಾತ್ರೆಯನ್ನು ಥಟ್ಟನೆ ನಿಲ್ಲಿಸುವುದೂ ಅಪಾಯ. ವೈದ್ಯರೇ ತಿಂಗಳುಗಟ್ಟಲೆ ಇಳಿಸುತ್ತ ಬರಬೇಕು. ಆ ಹುಡುಗಿಗೆ ಹಾಗೆಯೇ ಮಾಡಿದರು. ಮೂಳೆಯ ಲೆಕ್ಕವೂ ಹೀಗೆಯೇ. ನಾಲ್ಕು ಅಥವಾ ಹೆಚ್ಚು ಸಲ ಸ್ಟೀರಾಯ್ಡ್ ತಿಂದ ಮಕ್ಕಳಲ್ಲಿ ಮೂಳೆ ಮುರಿತ ಸುಮಾರು ಮೂರನೇ ಒಂದು ಪಾಲು ಹೆಚ್ಚೆಂದು 2003ರ ಇಂಗ್ಲೆಂಡಿನ ಅಧ್ಯಯನ ಹೇಳುತ್ತದೆ. ಹದಿಹರೆಯವೆಂದರೆ ಮೂಳೆ ಕಟ್ಟುವ ಕಾಲ.

ಆದ್ದರಿಂದ ಒಂದು ಸಲದ ಐದು ದಿನ ದೊಡ್ಡ ಪ್ರಶ್ನೆಯಲ್ಲ. ಎಷ್ಟನೆಯ ಸಲ ಎಂಬುದು ಪ್ರಶ್ನೆ. ಮತ್ತು ನಮ್ಮ ಮನೆಗಳಲ್ಲಿ ಅದಕ್ಕೆ ಲೆಕ್ಕವಿಲ್ಲ. ಬೋರ್ಡೋ ಹೊಡೆದ ದಿನ, ಬ್ಯಾರೆಲ್ಲು ಎಷ್ಟು, ಯಾವ ಬ್ಲಾಕು ಎಂದು ಡೈರಿಯಲ್ಲಿ ಬರೆದಿಡುವ ನಾವು ಮಕ್ಕಳ ಹೊಟ್ಟೆಗೆ ಏನು ಎಷ್ಟು ಸಲ ಹೋಯಿತೆಂದು ಬರೆದಿಡುವುದಿಲ್ಲ. ಇಂದು ಒಬ್ಬ ಡಾಕ್ಟರು, ನಾಳೆ ಇನ್ನೊಬ್ಬರು, ಆಚೆ ನಾಡಿದ್ದು ಅಂಗಡಿ. ಯಾರಿಗೂ ಹಿಂದಿನದು ಗೊತ್ತಿರುವುದಿಲ್ಲ. ಈ ಮಾತ್ರೆಗಳು ಶೆಡ್ಯೂಲ್ ಎಚ್. ಪಟ್ಟಿಯವು, ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಮಾರುತ್ತಾರೆ ಎಂಬುದು ಬೇರೆ ಮಾತು. ಹಳೆಯ ಚೀಟಿಯನ್ನು ಚಿಕಿತ್ಸೆ ಮುಗಿದ ದಿನ ಕಡತಕ್ಕೆ ಹಾಕಿ, ಮಿಕ್ಕ ಮಾತ್ರೆಯನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಕೆಲಸದವರ ಮಗುವಿಗೂ ಉಬ್ಬಸವೆಂದು ಕರುಣೆಯಿಂದ ಎರಡು ಮಾತ್ರೆ ಕೊಡುವ ನಮ್ಮ ಹೆಂಗಸರ ಪರೋಪಕಾರ ಇಲ್ಲಿ ಬೇಡ.

ಸಂತೆಯಲ್ಲಿ, ಜಾತ್ರೆಯಲ್ಲಿ ದಮ್ಮಿಗೆಂದು ಪೊಟ್ಟಣದಲ್ಲಿ ಮಾರುವ ಹೆಸರಿಲ್ಲದ ಪುಡಿಯ ಬಗ್ಗೆ ಇಷ್ಟು ಹೇಳುತ್ತೇನೆ. ಅಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಪ್ರಯೋಗಾಲಯದ ಪರೀಕ್ಷೆಯಲ್ಲಿ ಪತ್ತೆಯಾದದ್ದುಂಟು. ಒಂದೇ ದಿನದಲ್ಲಿ ಉಬ್ಬಸ ಇಳಿದು ಹಸಿವು ಹೆಚ್ಚಿತೆಂದರೆ ಸಂಶಯ ಪಡಿ. ಮೊಡವೆಗೆ, ಮುಖ ಬೆಳ್ಳಗಾಗಲು, ತೊಡೆಸಂದಿಯ ಗಜಕರ್ಣಕ್ಕೆ ಹುಡುಗ ಹುಡುಗಿಯರು ಹಚ್ಚುವ ಎಷ್ಟೋ ಮುಲಾಮುಗಳಲ್ಲಿಯೂ ಬಲವಾದ ಸ್ಟೀರಾಯ್ಡ್ ಇದೆ. ಹಚ್ಚಿದ ವಾರ ಚೆನ್ನಾಗಿ ಕಾಣುತ್ತದೆ, ಬಿಟ್ಟರೆ ಇಮ್ಮಡಿ ಕೆಂಪಾಗಿ ಉರಿಯುತ್ತದೆ, ಚರ್ಮ ತೆಳ್ಳಗಾಗುತ್ತದೆ, ಗಜಕರ್ಣವಂತೂ ಒಳಗೊಳಗೇ ಹಬ್ಬುತ್ತದೆ. ಕೇಂದ್ರ ಸರ್ಕಾರ 2018ರಲ್ಲಿ ಇಂಥ ಹದಿನಾಲ್ಕು ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರದಂತೆ ಶೆಡ್ಯೂಲ್ ಎಚ್.ಗೆ ಸೇರಿಸಿತು.

ಕೊನೆಯಲ್ಲಿ, ಮಾತ್ರೆಯೇ ಬೇಡವಾಗುವ ದಾರಿ. ನಮ್ಮಲ್ಲಿ ಪಂಪು ಎಂದರೆ ಇನ್ನೂ ಮುಖ ಸಿಂಡರಿಸುವವರಿದ್ದಾರೆ, ಅಭ್ಯಾಸವಾಗಿಬಿಡುತ್ತದೆ ಎನ್ನುತ್ತಾರೆ. ಲೆಕ್ಕ ಹಾಕಿ ನೋಡಿ. ಬಾಯಿಯ ಮೂಲಕ ಎಳೆದುಕೊಳ್ಳುವ ಬುಡೆಸೊನೈಡಿನ ಒಂದು ಪಫ್‌ನಲ್ಲಿ ಇರುವುದು 200 ಮೈಕ್ರೋಗ್ರಾಂ ಎಂದುಕೊಳ್ಳೋಣ. 40 ಮಿ.ಗ್ರಾಂ. ಮಾತ್ರೆ ಎಂದರೆ 40,000 ಮೈಕ್ರೋಗ್ರಾಂ, ಇನ್ನೂರು ಪಟ್ಟು. ಎರಡೂ ಬೇರೆ ಔಷಧ, ಬಲವೂ ಬೇರೆ, ಆದ್ದರಿಂದ ತಕ್ಕಡಿಯಲ್ಲಿಟ್ಟು ತೂಗುವ ಲೆಕ್ಕವಲ್ಲ ಇದು. ಆದರೂ ರೋಗವಿರುವ ಜಾಗಕ್ಕೇ ಮುಟ್ಟಿಸಿದರೆ ಎಷ್ಟು ಕಡಿಮೆ ಸಾಕು ಎಂಬುದು ತಿಳಿಯುತ್ತದೆ. ಅದಕ್ಕೂ ಅಡ್ಡಪರಿಣಾಮ ಇಲ್ಲವೆಂದಲ್ಲ. ಚಿಕ್ಕಂದಿನಿಂದ ವರ್ಷಗಟ್ಟಲೆ ಬಳಸಿದವರ ಎತ್ತರ ಸುಮಾರು ಒಂದು ಸೆಂಟಿಮೀಟರಿನಷ್ಟು ಕಡಿಮೆಯಾದದ್ದನ್ನು ಅಮೆರಿಕದಲ್ಲಿ 2012ರಲ್ಲಿ ಅಳೆದು ತೋರಿಸಿದ್ದಾರೆ. ಬಾಯಿ ಮುಕ್ಕಳಿಸದಿದ್ದರೆ ನಾಲಿಗೆಯ ಮೇಲೆ ಬಿಳಿ ಅಗ್ರ ಕೂರುತ್ತದೆ. ಆದರೆ ದಿನವೂ ಸರಿಯಾಗಿ ಎಳೆದುಕೊಂಡರೆ ಮಾತ್ರೆ ನುಂಗುವ ಸಂದರ್ಭಗಳು ಕಡಿಮೆಯಾಗುತ್ತವೆ. ಬರೀ ಸಾಲ್ಬುಟಮಾಲ್ ಪಂಪನ್ನೇ ನಂಬಿಕೊಂಡಿರುವುದು ಸರಿಯಲ್ಲವೆಂದು ಉಬ್ಬಸದ ಅಂತರರಾಷ್ಟ್ರೀಯ ತಜ್ಞರ ಮಂಡಳಿ 2019ರಿಂದ ಹೇಳುತ್ತ ಬಂದಿದೆ. ಜೊತೆಗೆ ಹಾಸಿಗೆಯನ್ನು ಬಿಸಿಲು ಬಂದಾಗ ಹೊರಗೆ ಹಾಕುವುದು, ಬೂಷ್ಟು ಹಿಡಿದ ಕೋಣೆಯಲ್ಲಿ ಮಲಗಿಸದಿರುವುದು, ಅಡಿಕೆ ಬೇಯಿಸುವ ಒಲೆಯ ಹೊಗೆಗೂ ಒಣ ಅಡಿಕೆ ಸುಲಿಯುವ ಧೂಳಿಗೂ ಉಬ್ಬಸದ ಹುಡುಗನನ್ನು ಕೂರಿಸದಿರುವುದು ನಮ್ಮ ಕೈಯಲ್ಲಿದೆ.

ನಮ್ಮ ಹುಡುಗ ಈಗ ಪಂಪನ್ನು ಕನ್ನಡಿಯ ಪಕ್ಕ ಇಟ್ಟುಕೊಂಡು ಹಲ್ಲುಜ್ಜುವ ಮೊದಲು ಎಳೆದುಕೊಳ್ಳುತ್ತಾನೆ. ಅಡಿಗೆಮನೆಯ ಬಾಗಿಲ ಹಿಂದೆ ಒಂದು ಕಾರ್ಡು ನೇತುಹಾಕಿದ್ದೇವೆ. ಅದರಲ್ಲಿ ಐದು ಕಂಬಸಾಲು: ದಿನಾಂಕ, ಮಾತ್ರೆಯ ಹೆಸರು, ದಿನಕ್ಕೆ ಎಷ್ಟು ಮಿ.ಗ್ರಾಂ., ಎಷ್ಟು ದಿನ, ಬರೆದುಕೊಟ್ಟವರು ಯಾರು. ಕಳೆದ ವರ್ಷದ ಎರಡು ಸಾಲು ಅದರಲ್ಲಿದೆ. ಮೊದಲನೆಯ ಸಾಲಿನಲ್ಲಿ "ಐದು ದಿನ" ಎಂಬುದನ್ನು ಹೊಡೆದು "ಎರಡು ದಿನ ಪೂರ್ತಿ, ಎರಡು ದಿನ ಒಂದೊಂದು, ನಮ್ಮ ತಪ್ಪು" ಎಂದು ಬರೆದದ್ದು ನಾನೇ. ಎಲ್ಲಿ ಯಾವ ಡಾಕ್ಟರರ ಬಳಿ ಹೋದರೂ ಆ ಕಾರ್ಡನ್ನು ಒಯ್ಯುತ್ತೇವೆ. ಅದೇ ಮಾದರಿಯ ಕಾರ್ಡುಗಳನ್ನು ಸಂಘದ ಖರ್ಚಿನಲ್ಲಿ ಅಚ್ಚು ಹಾಕಿಸಲು ಆಡಳಿತ ಮಂಡಳಿ ಒಪ್ಪಿದೆ. ಮೈಲುತುತ್ತ ಕೊಳ್ಳಲು ಬಂದಾಗ ಕೌಂಟರಿನಲ್ಲಿ ಕೇಳಿ ಪಡೆಯಬಹುದು. ಕೆಲಸದವರ ಮನೆಗಳಿಗೂ ಬೇಕಾದಷ್ಟು ಒಯ್ಯಿರಿ, ಹಣವಿಲ್ಲ.